ತುಪ್ಪದ ಚೀಟಿ

— ಒಳಗೇ ಬಾ. ಇಡ್ಲಿ ಒಲೆಯ ಮೇಲಿದೆ, ಅಡುಗೆಮನೆಯಲ್ಲೇ ಕೂತು ಮಾತಾಡೋಣ. ಈ ಥಂಡಿಯಲ್ಲಿ ಜಗಲಿಯಲ್ಲಿ ಕೂರುವುದಕ್ಕಾಗುವುದಿಲ್ಲ.

— ಹೌದು ಟೀಚರ್, ಬಸ್ಸಿಳಿಯುವಷ್ಟರಲ್ಲಿ ಕೈ ಮರಗಟ್ಟಿಹೋಗಿತ್ತು. ಕಿಟಕಿಯಲ್ಲಿ ನೋಡಿ, ನಿಮ್ಮ ಕೊಬ್ಬರಿ ಎಣ್ಣೆಯೂ ಗಟ್ಟಿಯಾಗಿ ಕೂತಿದೆ.

— ಕಾರ್ತಿಕ ಕಳೆಯಿತೆಂದರೆ ಮಲೆನಾಡಲ್ಲಿ ಅದರ ಪಾಡು ಹಾಗೇ. ಆ ತಂಬಿಗೆಯಲ್ಲಿ ಬಿಸಿನೀರಿದೆ, ಬಾಟಲಿಯನ್ನು ಅದರಲ್ಲಿ ಇಳಿಸಿಡು. ಇವತ್ತು ತಲೆಗೆ ಹಚ್ಚಬೇಕು. ಸರಿ, ಫೋನಿನಲ್ಲಿ ಏನೋ ತೊಡಕು ಅಂದೆಯಲ್ಲ?

— ತೊಡಕೇ. ನನ್ನದು ನಲಿ-ಕಲಿ ತರಗತಿ, ಒಂದು, ಎರಡು, ಮೂರು ಒಟ್ಟಿಗೇ ಕೂರುತ್ತಾರೆ. ಹೋದ ವಾರ ಘನ, ದ್ರವ, ಅನಿಲ ಶುರುಮಾಡಿದೆ. ದೊಡ್ಡ ಹಾಳೆಯಲ್ಲಿ ಮೂರು ಮನೆ ಬರೆದು, ಚಿತ್ರದ ಚೀಟಿಗಳನ್ನು ಕೊಟ್ಟು, ಯಾವುದು ಯಾವ ಮನೆಗೆ ಸೇರುತ್ತದೋ ಅಲ್ಲಿ ಅಂಟಿಸಿ ಎಂದೆ. ಕಲ್ಲು, ಹಾಲು, ಬಲೂನಿನ ಗಾಳಿ ಎಲ್ಲ ಸಲೀಸಾಗಿ ಹೋದವು. ಎರಡನೇ ತರಗತಿಯ ಒಬ್ಬಳು ಮಾತ್ರ ತುಪ್ಪದ ಚೀಟಿಯನ್ನು ಘನಕ್ಕೂ ದ್ರವಕ್ಕೂ ನಡುವಿನ ಗೆರೆಯ ಮೇಲೆ ಅಂಟಿಸಿದಳು. ಯಾಕಮ್ಮ ಎಂದರೆ, ‘ಡಬ್ಬೀಲಿ ಇದ್ದಾಗ ಆ ಕಡೆ, ಅನ್ನಕ್ಕೆ ಹಾಕಿದ್ಮೇಲೆ ಈ ಕಡೆ’ ಅಂದಳು.

— ನೀನೇನು ಮಾಡಿದೆ?

— ಏನೂ ತೋಚಲಿಲ್ಲ. ಚೀಟಿಯನ್ನು ಅಲ್ಲೇ ಬಿಟ್ಟೆ.

— ಸರಿಯಾಗಿಯೇ ಮಾಡಿದೆ. ನನ್ನಿಂದ ಅಷ್ಟೂ ಆಗಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಬ್ಬ ಹುಡುಗ ಬೆಣ್ಣೆಯ ಮುಂದೆ ‘ಎರಡೂ’ ಎಂದು ಬರೆದಿದ್ದ. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ‘ಘನ’ ಎಂದು ತಿದ್ದಿದೆ. ಅವನ ಅವ್ವ ಬೆಣ್ಣೆ ಕಾಸಿ ತುಪ್ಪ ಮಾರುತ್ತಿದ್ದಳು. ದಿನಾ ಕಣ್ಣಾರೆ ಕಂಡದ್ದನ್ನು ಅವನು ಬರೆದಿದ್ದ, ನಾನು ಅದನ್ನು ತಪ್ಪು ಅಂದೆ. ಆಮೇಲೆ ನಾನು ಏನೇ ಕೇಳಲಿ, ಪುಸ್ತಕದ ಉತ್ತರವನ್ನೇ ಒಪ್ಪಿಸುತ್ತಿದ್ದ. ಮನೆಯಲ್ಲಿ ಕಂಡದ್ದರ ಬಗ್ಗೆ ಮತ್ತೆ ಬಾಯಿಬಿಡಲಿಲ್ಲ. ಇಷ್ಟು ವರ್ಷವಾದರೂ ಆ ಕೆಂಪು ಗೆರೆ ನನ್ನ ಕಣ್ಣಿಂದ ಹೋಗಿಲ್ಲ.

— ಹಾಗಾದರೆ ಮೂರು ಮನೆಯ ಆಟವೇ ಬೇಡವೇ?

— ಮೊದಲ ದಿನ ಬೇಡ. ಪಾಠದ ಹೆಸರನ್ನೇ ನೋಡು, ದ್ರವ್ಯದ ಸ್ಥಿತಿಗಳು. ಸ್ಥಿತಿ ಅಂದರೆ ಈಗ ಹೇಗಿದೆಯೋ ಅದು. ಮಲಗಿರುವವನು, ಎದ್ದಿರುವವನು ಅಂದ ಹಾಗೆ. ಚೀಟಿಗೆ ಅಂಟು ಹಾಕಿದೆಯೋ, ಸ್ಥಿತಿ ಹೋಗಿ ಜಾತಿಯಾಗುತ್ತದೆ. ಕಲ್ಲು ಘನ ಜಾತಿ, ಎಣ್ಣೆ ದ್ರವ ಜಾತಿ. ಆಮೇಲೆ ಕಿಟಕಿಯ ಎಣ್ಣೆ ಗಟ್ಟಿಯಾದದ್ದನ್ನು ಕಂಡರೂ ಮಗು ಅದನ್ನು ಪಾಠಕ್ಕೆ ತಂದು ಜೋಡಿಸುವುದಿಲ್ಲ. ಪಾಠ ಬೇರೆ, ಕಿಟಕಿ ಬೇರೆ ಅಂದುಕೊಳ್ಳುತ್ತದೆ.

— ಎಣ್ಣೆ ತುಪ್ಪ ಸರಿ. ಕಲ್ಲು ಎಂದೆಂದಿಗೂ ಘನವೇ ಅಲ್ಲವೇ?

— ಗೋಳಗುಮ್ಮಟ ನೋಡಿದ್ದೀಯಲ್ಲ? ಅದರ ಗೋಡೆಯ ಕಪ್ಪು ಕಲ್ಲು ಒಂದು ಕಾಲಕ್ಕೆ ಹರಿದದ್ದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿ ಬಿರಿದು ಉಕ್ಕಿದ ಲಾವಾ ವಿಜಯಪುರ, ಕಲಬುರಗಿ ದಾಟಿ ಮಹಾರಾಷ್ಟ್ರದ ಉದ್ದಕ್ಕೂ ಹರಡಿ, ಆರಿ ಕಲ್ಲಾಯಿತು. ಆ ಕಲ್ಲು ಮತ್ತೆ ಕರಗಬೇಕಾದರೆ ಸಾವಿರ ಡಿಗ್ರಿಯ ಮೇಲೆ ಕಾಯಬೇಕು. ಕೊಬ್ಬರಿ ಎಣ್ಣೆಗೆ 24 ಡಿಗ್ರಿ ಸಾಕು. ಅದೇ ಕಿಟಕಿಯಲ್ಲಿ ಶೇಂಗಾ ಎಣ್ಣೆ ಇಟ್ಟಿದ್ದರೆ ಈ ಚಳಿಗೆ ಅದು ಗಟ್ಟಿಯಾಗುತ್ತಿರಲಿಲ್ಲ. ಒಂದೊಂದಕ್ಕೂ ಅದರದೇ ಒಂದು ಕಾವು ಇದೆ, ಅಷ್ಟೆ.

— ಗಾಳಿಯೂ ನೀರಾಗುತ್ತದೆ ಎಂದು ಓದಿದ್ದೇನೆ. ಮಕ್ಕಳಿಗೆ ಹೇಳಿದರೆ ಕಥೆ ಅಂದುಕೊಳ್ಳುತ್ತಾರೆ ಎಂದು ಸುಮ್ಮನಾದೆ.

— ನಿಮ್ಮೂರಿಗೆ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವವರು ಬರುವುದಿಲ್ಲವೇ? ಅವರ ಹತ್ತಿರ ಒಂದು ದಪ್ಪ ಕ್ಯಾನು ಇರುತ್ತದೆ.

— ಇರುತ್ತದೆ. ಮುಚ್ಚಳ ತೆಗೆದರೆ ಬೆಳ್ಳನೆಯದು ಏನೋ ಅಂಚಿನಿಂದ ಕೆಳಕ್ಕೆ ಇಳಿಯುತ್ತದೆ. ಮಕ್ಕಳು ಸುತ್ತ ಮುತ್ತಿಕೊಳ್ಳುತ್ತಾರೆ.

— ಒಳಗಿರುವುದು ದ್ರವ ಸಾರಜನಕ. ಸೊನ್ನೆಗಿಂತ 196 ಡಿಗ್ರಿ ಕೆಳಗಿನ ತಂಪು. ನಾವು ಉಸಿರಾಡುವ ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ಅದೇ ಸಾರಜನಕ. ಹತ್ತು ಹೆಜ್ಜೆ ದೂರದಲ್ಲಿ ನಿಲ್ಲಿಸಿ ತೋರಿಸು, ಮುಟ್ಟಿದರೆ ಬೆಂಕಿ ತಗುಲಿದ ಹಾಗೆ ಗಾಯವಾಗುತ್ತದೆ. ಗಾಳಿಯನ್ನು ನೀರು ಮಾಡಿ ಹೊತ್ತು ತಂದಿದ್ದಾರೆ ಅಂತ ಹೇಳು. ಕಥೆ ಅನ್ನುವುದಿಲ್ಲ, ಕ್ಯಾನು ಕಣ್ಣೆದುರಿಗಿದೆಯಲ್ಲ.

— ಆದರೆ ಅಷ್ಟು ದೂರ ಹೋಗುವ ಮುಂಚೆ ಎಲ್ಲಿಂದ ಶುರುಮಾಡಲಿ?

— ಆಗುವುದರಿಂದ ಶುರುಮಾಡು. ವಸ್ತುವಿನ ಹೆಸರು ಆಮೇಲೆ. ಕರಗಿತು, ಹೆಪ್ಪುಗಟ್ಟಿತು, ಕುದಿಯಿತು, ಉಕ್ಕಿತು, ಬತ್ತಿತು, ಇಂಗಿತು, ಆರಿತು, ಬೆವರಿತು. ಶಾಲೆಗೆ ಕಾಲಿಡುವ ಹೊತ್ತಿಗೆ ಈ ಮಾತೆಲ್ಲ ಮಗುವಿನ ನಾಲಗೆಯ ಮೇಲಿರುತ್ತವೆ. ಯಾರೂ ಕಲಿಸಿರುವುದಿಲ್ಲ, ಅಡುಗೆಮನೆಯ ಬಾಗಿಲಲ್ಲಿ ಕೂತು ಕಲಿತಿರುತ್ತದೆ. ಆ ಮಾತುಗಳನ್ನು ಒಂದೊಂದಾಗಿ ಕರೆದು, ಏನಾಯಿತು ಹೇಳು ಅಂತ ಕೇಳಬೇಕು.

— ಅಲ್ಲೂ ನನಗೆ ಎಡವಟ್ಟಾಗಿದೆ ಟೀಚರ್. ‘ಕರಗು’ ತಗೊಳ್ಳಿ. ಮಂಜುಗಡ್ಡೆ ಕರಗಿತು, ಸಕ್ಕರೆಯೂ ಕರಗಿತು. ಎರಡಕ್ಕೂ ನಾವು ಒಂದೇ ಮಾತು ಆಡುತ್ತೇವೆ. ಹಾಗಾಗಿ ಮಕ್ಕಳು ಸಕ್ಕರೆ ನೀರಾಯಿತು ಅಂದರು. ಒಬ್ಬ ಸಕ್ಕರೆ ಸತ್ತೇಹೋಯಿತು ಅಂದ. ‘ವಿಲೀನ’ ಅಂತ ಪಾಠಪುಸ್ತಕದ ಪದ ಇದೆ, ಅದು ಅವರಿಗೆ ಬಾಯಿಗೂ ಬರುವುದಿಲ್ಲ.

— ಸತ್ತುಹೋಯಿತು ಅಂದವನಿಗೆ ರುಚಿ ನೋಡು ಅಂದೆಯಾ?

— ಅಂದೆ. ನಾಲಗೆಗೆ ಹಚ್ಚಿ, ‘ಇಲ್ಲೇ ಬಚ್ಚಿಟ್ಕೊಂಡಿದೆ’ ಅಂದ.

— ನೋಡು! ವಿಲೀನ ಅಂದರೆ ಅದೇ. ಇನ್ನು ಎರಡು ಕರಗುವಿಕೆಯನ್ನು ಬೇರೆ ಮಾಡುವುದಕ್ಕೆ ನಾನೊಂದು ಪ್ರಶ್ನೆ ಇಟ್ಟುಕೊಂಡಿದ್ದೆ: ‘ಕರಗೋದಕ್ಕೆ ಯಾರ ಸಹಾಯ ಬೇಕಾಯ್ತು?’ ಮಂಜುಗಡ್ಡೆ ಒಂಟಿಯಾಗಿ ತಟ್ಟೆಯಲ್ಲಿ ಕೂತೇ ಕರಗುತ್ತದೆ, ಸುತ್ತಲಿನ ಬಿಸಿ ಸಾಕು. ಸಕ್ಕರೆಯನ್ನು ಒಂಟಿಯಾಗಿ ಬಿಸಿಲಲ್ಲಿಟ್ಟರೆ ಸಂಜೆಯ ತನಕ ಸಕ್ಕರೆಯೇ. ಅದಕ್ಕೆ ನೀರಿನ ಜೊತೆ ಬೇಕು. ಆಮೇಲೆ ಉಪ್ಪುನೀರನ್ನು ಅಗಲದ ತಟ್ಟೆಯಲ್ಲಿ ಬಿಸಿಲಿಗಿಡು. ಎರಡು ಮೂರು ದಿನಕ್ಕೆ ನೀರು ಹೋಗಿ ಉಪ್ಪು ತಟ್ಟೆಗೆ ಅಂಟಿಕೊಂಡು ಉಳಿಯುತ್ತದೆ. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಸಮುದ್ರದ ನೀರನ್ನು ಗದ್ದೆಗೆ ಕಟ್ಟಿ ಉಪ್ಪು ತೆಗೆಯುವವರು ಮಾಡುವುದೂ ಇಷ್ಟೇ. ನಮ್ಮ ಶಾಲೆಯ ಪ್ರವಾಸ ಆ ಕಡೆ ಹೋದಾಗ ಒಬ್ಬ ಹುಡುಗ ಉಪ್ಪಿನ ಗುಡ್ಡೆ ನೋಡಿ, ‘ನಮ್ಮ ತಟ್ಟೆ!’ ಅಂತ ಕೂಗಿದ.

— ಹೆಪ್ಪಿನದೂ ಅದೇ ಪಾಡಲ್ಲವೇ? ತುಪ್ಪ ಹೆಪ್ಪುಗಟ್ಟಿತು, ಮೊಸರು ಹೆಪ್ಪುಗಟ್ಟಿತು, ರಕ್ತ ಹೆಪ್ಪುಗಟ್ಟಿತು.

— ಅದೇ. ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ‘ವಾಪಸ್ ಬರುತ್ತದಾ?’ ತುಪ್ಪವನ್ನು ಬೆಚ್ಚಗೆ ಮಾಡು, ವಾಪಸ್ ಬಂತು. ಮೊಸರನ್ನು ಬೆಚ್ಚಗೆ ಮಾಡು, ಹಾಲಾಗುವುದಿಲ್ಲ, ಒಡೆದು ನೀರು ಬಿಡುತ್ತದೆ. ಅಲ್ಲಿಗೆ ಮಗುವಿಗೆ ಗೊತ್ತಾಗುತ್ತದೆ, ಚಳಿಗೆ ಗಟ್ಟಿಯಾಗುವುದು ಒಂದು, ಹೆಪ್ಪು ಹಾಕಿ ಗಟ್ಟಿಯಾಗುವುದು ಇನ್ನೊಂದು. ಮೊಸರಿನ ಕೆಲಸ ಸೂಕ್ಷ್ಮಜೀವಿಗಳದು ಅಂತ ಆಗಲೇ ಹೇಳಲೇಬೇಕಾಗಿಲ್ಲ. ವಾಪಸ್ ಬರುವುದು, ಬಾರದೇ ಇರುವುದು ಇಷ್ಟು ಗುರುತಿಸಿದರೆ ಮುಂದೆ ರಸಾಯನಶಾಸ್ತ್ರಕ್ಕೆ ಅದೇ ಹೆಬ್ಬಾಗಿಲು.

— ನನಗೆ ಎಲ್ಲಕ್ಕಿಂತ ಕಷ್ಟ ಕೊಟ್ಟದ್ದು ‘ಗಟ್ಟಿ’. ಘನ ಅಂದರೆ ಗಟ್ಟಿ ಅಂತ ಹೇಳಿಬಿಟ್ಟೆ. ಸ್ಪಂಜು ಮೆತ್ತಗಿದೆ, ಹಾಗಾಗಿ ಘನ ಅಲ್ಲ ಅಂದರು. ಹತ್ತಿ ಅಲ್ಲ, ಬಟ್ಟೆ ಅಲ್ಲ. ಜೇನುತುಪ್ಪ ಮಾತ್ರ ಗಟ್ಟಿ ಇದೆ, ಅದು ಘನ ಅಂದರು.

— ಅವರ ತಪ್ಪೇನಿದೆ? ಗಟ್ಟಿ ಚಟ್ನಿ ಅಂತೀವಿ, ಗಟ್ಟಿ ಹಾಲು ಅಂತೀವಿ. ಗಟ್ಟಿಯಾಗಿ ಮಾತಾಡು ಅಂತ ನೀನೇ ದಿನಾ ಹೇಳುತ್ತೀಯಲ್ಲ. ಗಡಸು, ಮಂದ, ಜೋರು ಮೂರನ್ನೂ ಆ ಒಂದೇ ಪದ ಹೊರುತ್ತಿದೆ. ಇದು ನಮ್ಮ ಮಕ್ಕಳ ತೊಡಕು ಮಾತ್ರವಲ್ಲ, ನೋಡು. ಇಸ್ರೇಲಿನ ರೂತ್ ಸ್ಟಾವಿ ಎಂಬ ಸಂಶೋಧಕಿ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಕಂಡಿತ್ತು. ಮಕ್ಕಳಿಗೆ ದ್ರವ ಗುರುತಿಸುವುದು ಸುಲಭ, ನೀರಿನ ಹಾಗಿದೆಯೇ ಅಂತ ನೋಡಿದರೆ ಸಾಕು. ಘನದಲ್ಲಿ ಮೆತ್ತಗಿರುವುದೂ ಪುಡಿಯೂ ಬಂದರೆ ಗಲಿಬಿಲಿ. ನಾನು ‘ಗಟ್ಟಿ’ ಬಿಟ್ಟು, ‘ತನ್ನ ಆಕಾರ ತಾನೇ ಇಟ್ಟುಕೊಳ್ಳುತ್ತದಾ?’ ಅಂತ ಕೇಳುತ್ತಿದ್ದೆ. ಸ್ಪಂಜನ್ನು ಅದುಮಿ ಬಿಟ್ಟರೆ ಮತ್ತೆ ತನ್ನ ಆಕಾರಕ್ಕೆ ಬರುತ್ತದೆ. ಜೇನನ್ನು ತಟ್ಟೆಗೆ ಬಿಟ್ಟರೆ ನಿಧಾನಕ್ಕಾದರೂ ಹರಡಿ ತಟ್ಟೆಯ ಆಕಾರವಾಗುತ್ತದೆ.

— ಹಾಗಾದರೆ ರಾಗಿ? ಸೇರಿಗೆ ಹಾಕಿದರೆ ಸೇರಿನ ಆಕಾರ, ಚೀಲಕ್ಕೆ ಹಾಕಿದರೆ ಚೀಲದ ಆಕಾರ. ನೀರಿನ ಹಾಗೆ ಸುರಿಯುತ್ತದೆ.

— ರಾಗಿಯನ್ನು ನಾನು ಬೇಕೆಂದೇ ತರುತ್ತಿದ್ದೆ. ಅದರಷ್ಟು ಒಳ್ಳೆಯ ಜಗಳ ಬೇರೆ ಯಾವುದೂ ಹುಟ್ಟಿಸುವುದಿಲ್ಲ. ಅರ್ಧ ತರಗತಿ ದ್ರವ ಅನ್ನುತ್ತದೆ, ಅರ್ಧ ಘನ ಅನ್ನುತ್ತದೆ. ನಾನು ಬಾಯಿ ಹಾಕುತ್ತಿರಲಿಲ್ಲ. ಒಂದು ಸೇರು ರಾಗಿಯನ್ನು ಮೊರಕ್ಕೆ ಸುರಿ, ಒಂದು ಸೇರು ನೀರನ್ನು ಹರಿವಾಣಕ್ಕೆ ಸುರಿ ಅಂತ ಮಕ್ಕಳಿಗೇ ಹೇಳುತ್ತಿದ್ದೆ. ರಾಗಿ ಗುಡ್ಡೆಯಾಗಿ ನಿಲ್ಲುತ್ತದೆ, ನೀರು ನಿಲ್ಲುವುದಿಲ್ಲ. ಆಮೇಲೆ ಒಂದೇ ಒಂದು ಕಾಳನ್ನು ಅಂಗೈಗೆ ಕೊಟ್ಟು, ‘ಇದು ನಿನ್ನ ಕೈಯ ಆಕಾರ ಆಯ್ತಾ?’ ಅಂತ ಕೇಳಬೇಕು. ಮಗು ಕಾಳನ್ನೇ ದಿಟ್ಟಿಸುತ್ತಾ ಸುಮ್ಮನಾಗುತ್ತದೆ. ಆ ಸುಮ್ಮನಿರುವ ಹೊತ್ತಿನಲ್ಲಿ ನೀನೂ ಸುಮ್ಮನಿರಬೇಕು. ಅವಸರಪಟ್ಟು ಉತ್ತರ ಹೇಳಿಬಿಟ್ಟರೆ ಆ ಹೊತ್ತು ಮತ್ತೆ ಸಿಗುವುದಿಲ್ಲ.

— ಸುಮ್ಮನಿರುವುದೇ ನನಗೆ ಬರುವುದಿಲ್ಲ.

— ಬರುತ್ತದೆ. ಸುರಿಯುವ ಆಟದಲ್ಲಿ ಇನ್ನೊಂದನ್ನು ಗಮನಿಸು. ಗಿಡ್ಡ ಪಾತ್ರೆಯ ನೀರನ್ನು ಉದ್ದ ಲೋಟಕ್ಕೆ ಬಗ್ಗಿಸಿದರೆ ನಿನ್ನ ಒಂದನೇ ತರಗತಿಯವರು ನೀರು ಜಾಸ್ತಿಯಾಯಿತು ಅನ್ನುತ್ತಾರೆ.

— ಅನ್ನುತ್ತಾರೆ! ಕಣ್ಣೆದುರೇ ಬಗ್ಗಿಸಿದರೂ ಅನ್ನುತ್ತಾರೆ. ಮೂರನೇ ತರಗತಿಯವರು ಅವರಿಗೆ ಬೈಯುತ್ತಾರೆ.

— ಜಿನೀವಾದಲ್ಲಿ ಮನೋವಿಜ್ಞಾನಿ ಜೀನ್ ಪಿಯಾಜೆ ಮಕ್ಕಳ ಮುಂದೆ ಲೋಟ ಇಟ್ಟುಕೊಂಡು ಕಂಡದ್ದು ಅದನ್ನೇ. ಆರೇಳು ವರ್ಷದ ತನಕ ಎತ್ತರ ಕಂಡರೆ ಜಾಸ್ತಿ, ಅಷ್ಟೇ. ಅದನ್ನು ಮಾತಿನಿಂದ ತಿದ್ದಲಾಗುವುದಿಲ್ಲ. ಮತ್ತೆ ಮತ್ತೆ ಆ ಕಡೆ ಈ ಕಡೆ ಸುರಿದು ಒಂದು ದಿನ ತಾನೇ ದಾಟುತ್ತದೆ. ಎಚ್.ಡಿ. ಕೋಟೆಯ ಶಿಕ್ಷಕರು 1995ರಲ್ಲಿ ನಲಿ-ಕಲಿ ಶುರುಮಾಡಿದಾಗ ಅವರ ಆಸೆಯೂ ಅದೇ ಇತ್ತು, ಕಲಿಕೆಯ ಏಣಿಯನ್ನು ಒಬ್ಬೊಬ್ಬರು ಅವರವರ ಹೆಜ್ಜೆಯಲ್ಲಿ ಹತ್ತಲಿ ಅಂತ. ಹಾಗಾಗಿ ಮೂರನೆಯವರು ಬೈಯದ ಹಾಗೆ ನೋಡಿಕೋ. ಎರಡು ವರ್ಷದ ಹಿಂದೆ ಅವರೂ ಅದನ್ನೇ ಅಂದಿದ್ದರು.

— ಇಡ್ಲಿ ಪಾತ್ರೆ ಸದ್ದು ಮಾಡುತ್ತಿದೆ ಟೀಚರ್.

— ಒಂದು ನಿಮಿಷ, ಮುಚ್ಚಳ ತೆಗೆಯಬೇಡ. ಬಗ್ಗಿ ನೋಡು, ಮುಚ್ಚಳದಲ್ಲಿ ತೂತಿದೆಯಲ್ಲ, ಅದರ ಬಾಯಲ್ಲೇ ಏನು ಕಾಣುತ್ತದೆ?

— ಹಬೆ.

— ತೂತಿನ ಬಾಯಲ್ಲೇ? ಸರಿಯಾಗಿ ನೋಡು, ಮುಖ ದೂರ ಇರಲಿ.

— ಅಯ್ಯೋ, ಅಲ್ಲಿ ಏನೂ ಇಲ್ಲ! ಒಂದು ಬೆರಳಿನಷ್ಟು ಜಾಗ ಖಾಲಿ ಇದೆ. ಅದರ ಮೇಲಿಂದ ಬೆಳ್ಳಗೆ ಶುರುವಾಗುತ್ತದೆ.

— ಖಾಲಿ ಇಲ್ಲ. ಇಲ್ಲಿರುವುದರಲ್ಲಿ ನಿಜವಾದ ನೀರಾವಿ ಅಂದರೆ ಆ ಬೆರಳಿನಷ್ಟೇ. ಕಣ್ಣಿಗೆ ಕಾಣುವುದಿಲ್ಲ, ಕೈ ಇಟ್ಟರೆ ಬೊಬ್ಬೆ ಏಳುತ್ತದೆ. ಮೇಲೆ ಬೆಳ್ಳಗಿರುವುದು ಹೊರಗಿನ ತಂಪು ಗಾಳಿಗೆ ಸಿಕ್ಕಿ ಮತ್ತೆ ನೀರಾದ ಸಣ್ಣ ಸಣ್ಣ ಹನಿ. ಇನ್ನೂ ಮೇಲೆ ನೋಡು, ಅದೂ ಮಾಯ. ಮತ್ತೆ ಆವಿಯಾಗಿ ಗಾಳಿಗೆ ಸೇರಿತು. ಒಂದು ಮೊಳದ ಎತ್ತರದಲ್ಲಿ ಎರಡು ಸಲ ಬದಲಾಯಿತು. ಪುಸ್ತಕದ ಚಿತ್ರಗಳಲ್ಲಿ ಬಿಳಿ ಮೋಡಕ್ಕೇ ಬಾಣ ಹಾಕಿ ‘ಅನಿಲ’ ಅಂತ ಬರೆಯುತ್ತಾರೆ. ಅದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅನಿಲ ಇರುವುದು ಬಾಣ ಹಾಕದೆ ಬಿಟ್ಟ ಜಾಗದಲ್ಲಿ.

— ಇಷ್ಟು ವರ್ಷ ಇಡ್ಲಿ ಮಾಡಿದ್ದೇನೆ, ಇದನ್ನು ನೋಡಿರಲಿಲ್ಲ. ಮಕ್ಕಳಂತೂ ಹಬೆಯನ್ನು ಹೊಗೆ ಅನ್ನುತ್ತಾರೆ.

— ಅದಕ್ಕೆ ಒಂದು ತಣ್ಣನೆಯ ಸ್ಟೀಲ್ ತಟ್ಟೆ ಸಾಕು. ಹಬೆಗೆ ಹಿಡಿದರೆ ನೀರಿನ ಹನಿ, ಎಣ್ಣೆ ದೀಪದ ಹೊಗೆಗೆ ಹಿಡಿದರೆ ಕಪ್ಪು. ಹಿಡಿಯುವ ಕೆಲಸ ನಿನ್ನದು, ಒರೆಸಿ ನೋಡುವ ಕೆಲಸ ಮಕ್ಕಳದು. ಒಂದು ಬೆರಳು ಒದ್ದೆ, ಒಂದು ಬೆರಳು ಕಪ್ಪು. ಎರಡೂ ಬೆರಳು ಎತ್ತಿ ತೋರಿಸುತ್ತಾ ಮನೆಗೆ ಹೋಗುತ್ತಾರೆ.

— ಒಬ್ಬ ಹುಡುಗ ಕೇಳಿದ್ದ, ಬೆಂಕಿ ಯಾವ ಮನೆಗೆ ಸೇರುತ್ತದೆ ಅಂತ. ನಾನು ತಡಬಡಾಯಿಸಿದೆ.

— ಆ ತಟ್ಟೆಯ ಕಪ್ಪಿನಿಂದಲೇ ಹೇಳಬಹುದಿತ್ತು. ನಮ್ಮ ಅಜ್ಜಿಯರು ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ ಕಾಡಿಗೆ ತೆಗೆಯುತ್ತಿದ್ದರಲ್ಲ, ಆ ಮಸಿಯ ಕಣಗಳೇ ಜ್ವಾಲೆಯೊಳಗೆ ಕಾದು ಹಳದಿಯಾಗಿ ಹೊಳೆಯುವುದು. ಜ್ವಾಲೆ ಅಂದರೆ ಉರಿಯುತ್ತಿರುವ ಬಿಸಿ ಅನಿಲ, ಅದರೊಳಗೆ ಹೊಳೆಯುವ ಮಸಿ. ಅದು ಒಂದು ವಸ್ತು ಅನ್ನುವುದಕ್ಕಿಂತ ನಡೆಯುತ್ತಿರುವ ಕೆಲಸ. ಬೆಳಕು, ನೆರಳು ಕೇಳಿದರೆ, ಅವು ವಸ್ತುವೇ ಅಲ್ಲ, ಅವಕ್ಕೆ ಈ ಮನೆಗಳಲ್ಲಿ ಜಾಗವಿಲ್ಲ ಅಂತ ಹೇಳಿಬಿಡು. ಮೂರು ಮನೆಯ ಹೊರಗೂ ಲೋಕ ಇದೆ ಅಂತ ಆರು ವರ್ಷಕ್ಕೆ ಗೊತ್ತಾದರೆ ಒಳ್ಳೆಯದೇ.

— ಅನಿಲವನ್ನು ನಾನು ಸಿಲಿಂಡರಿನಿಂದ ಹೇಳಹೊರಟೆ. ಗ್ಯಾಸ್ ಅಂದರೆ ಅವರಿಗೆ ಆ ಕೆಂಪು ಸಿಲಿಂಡರೇ.

— ಸಿಲಿಂಡರಿನೊಳಗೆ ಬಹುಪಾಲು ಇರುವುದು ದ್ರವ. 14.2 ಕಿಲೋ ಪ್ರೊಪೇನು, ಬ್ಯುಟೇನನ್ನು ಒತ್ತಿ ಒತ್ತಿ ನೀರಿನ ಹಾಗೆ ಮಾಡಿ ತುಂಬಿರುತ್ತಾರೆ, ಹೊರಬರುವಾಗ ಅನಿಲ. ಆ ಮಾತು ಐದನೇ ತರಗತಿಗೆ ಇರಲಿ. ಗ್ಯಾಸ್ ಎಂಬ ಪದವನ್ನು ಕಟ್ಟಿದವನು ಹದಿನೇಳನೇ ಶತಮಾನದ ವಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ, ಗ್ರೀಕರ ‘ಕೇಯಾಸ್’ ಎಂಬ ಪದದಿಂದ, ಅಂದರೆ ಅಂಕೆಗೆ ಸಿಗದ ಗೊಂದಲ. ಪುಟ್ಟ ಮಕ್ಕಳಿಗೆ ಬಕೆಟ್ ಸಾಕು. ಲೋಟದ ತಳಕ್ಕೆ ಕಾಗದ ತುರುಕಿ, ಬೋರಲಾಗಿ ನೆಟ್ಟಗೆ ನೀರಿಗೆ ಮುಳುಗಿಸಿ, ನೆಟ್ಟಗೆ ಎತ್ತು. ಕಾಗದ ಒಣಗಿದ ಹಾಗೇ ಇರುತ್ತದೆ. ‘ಖಾಲಿ ಲೋಟದಲ್ಲಿ ಯಾರೋ ಇದ್ದಾರೆ’ ಅಂತ ಮಕ್ಕಳೇ ಹೇಳುತ್ತಾರೆ. ಲೋಟವನ್ನು ಓರೆ ಮಾಡಿದರೆ ಆ ‘ಯಾರೋ’ ಗುಳುಗುಳು ಅಂತ ಎದ್ದು ಹೋಗುವುದೂ ಕಾಣುತ್ತದೆ.

— ಅದನ್ನು ಮಾಡಿದೆ, ಚೆನ್ನಾಗಿ ಬಂತು. ಆದರೆ ಬಿಸಿಲಿಗೆ ನೀರು ಒಣಗುವುದನ್ನು ತೋರಿಸಿದಾಗ ಸೋತೆ. ಅಂಗಳದಲ್ಲಿ ನೀರು ಚೆಲ್ಲಿ, ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದೆವು. ಮಧ್ಯಾಹ್ನ ನೋಡಿದರೆ ನೀರಿಲ್ಲ. ಎಲ್ಲಿಗೆ ಹೋಯಿತು ಅಂದರೆ ಎಲ್ಲರೂ, ‘ನೆಲ ಕುಡೀತು’.

— ಅಂಗಳ ಮಣ್ಣಿನದಾದರೆ ಅವರು ಹೇಳಿದ್ದು ನಿಜವೇ. ನೀರು ಇಂಗಿತು. ‘ನೆಲ ಕುಡಿದಿರಬಹುದು, ಸರಿ. ಸ್ಟೀಲ್ ತಟ್ಟೆ ಕುಡಿಯುತ್ತದಾ?’ ಅಂತ ಕೇಳಬೇಕಿತ್ತು. ತಟ್ಟೆಯಲ್ಲಿ ಇಟ್ಟು ನೋಡಲಿ. ತಟ್ಟೆ ಬರಿದಾದ ದಿನ ಮಗುವಿಗೆ ಬೇರೆ ದಾರಿ ಇರುವುದಿಲ್ಲ, ಮೇಲೆ ನೋಡಲೇಬೇಕು. ಅದರ ಬೆನ್ನಿಗೇ ಮಂಜುಗಡ್ಡೆ ಹಾಕಿದ ಲೋಟ ತಾ. ಲೋಟ ಹೊರಗಡೆ ಬೆವರುತ್ತದೆ. ಸೋರಿತು ಅನ್ನುತ್ತಾರೆ.

— ಅಂದರು. ಒಬ್ಬಳು ತಳದಲ್ಲಿ ತೂತು ಹುಡುಕಿದಳು.

— ಒಳಗಿನ ನೀರಿಗೆ ಕುಂಕುಮ ಕಲಸಿಬಿಡು. ಹೊರಗಿನ ಹನಿ ಕೆಂಪಗಿರುವುದಿಲ್ಲ. ಹಾಗಾದರೆ ಅದು ಒಳಗಿನದಲ್ಲ. ಎಲ್ಲಿಂದ ಬಂತು? ತಟ್ಟೆಯಿಂದ ಹೋದದ್ದು, ಬಟ್ಟೆಯಿಂದ ಹೋದದ್ದು, ಎಲ್ಲ ಅಲ್ಲೇ ಗಾಳಿಯಲ್ಲಿತ್ತು. ನನಗೆ ಕೇಳಿದರೆ ಮೂರು ಸ್ಥಿತಿಯ ಪಾಠದ ಜೀವ ಇರುವುದು ಈ ಎರಡರ ನಡುವೆ, ಬರಿದಾದ ತಟ್ಟೆ ಮತ್ತು ಬೆವರಿದ ಲೋಟ. ಒಂದು ವಾರ ಇದರಲ್ಲೇ ಕಳೆದರೂ ನಷ್ಟವಿಲ್ಲ.

— ‘ಆರು’ ಎಂಬ ಮಾತನ್ನು ನೀವು ಹೇಳಿದಿರಿ, ಆಗಲೇ ನನಗೆ ಹೊಳೆಯಿತು. ಬಟ್ಟೆ ಆರಿತು ಅಂದರೆ ನೀರು ಹೋಯಿತು. ಕಾಫಿ ಆರಿತು ಅಂದರೆ ಬಿಸಿ ಹೋಯಿತು.

— ಎರಡೂ ಒಟ್ಟಿಗೇ ಹೋಗುತ್ತವೆ, ಅದು ಗೊತ್ತೇ? ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕುತ್ತೇವೆ. ನೀರು ಆರುತ್ತಾ ಹಣೆಯ ಬಿಸಿಯನ್ನೂ ಎತ್ತಿಕೊಂಡು ಹೋಗುತ್ತದೆ. ಮಣ್ಣಿನ ಹೂಜಿ ತಣ್ಣಗಿರುವುದೂ, ಕಾಫಿಯನ್ನು ಬಟ್ಟಲಿಗೆ ಬಗ್ಗಿಸಿದರೆ ಬೇಗ ಆರುವುದೂ ಬಹುಪಾಲು ಇದರಿಂದಲೇ. ಮಕ್ಕಳ ಒಂದು ಅಂಗೈಗೆ ನೀರು ಸವರಿ ಎರಡೂ ಕೈಗೆ ಬೀಸಣಿಗೆಯಿಂದ ಗಾಳಿ ಹಾಕು. ಯಾವುದು ತಣ್ಣಗೆ ಅಂತ ಅವರೇ ಹೇಳುತ್ತಾರೆ. ಆಮೇಲೆ ‘ಆರಿತು’ ಅಂದರೆ ಸಾಕು, ಎರಡು ಅರ್ಥವೂ ಒಂದೇ ಅಂಗೈಯಲ್ಲಿರುತ್ತವೆ.

— ಇಷ್ಟೆಲ್ಲ ಸರಿ ಟೀಚರ್. ಒಂದು ಮಾತು ಮಾತ್ರ ನನಗೆ ಒಪ್ಪಿಗೆಯಿಲ್ಲ. ಹೆಸರು ಆಮೇಲೆ ಅಂದಿರಿ. ಪಟ್ಟಣದ ಮಕ್ಕಳಿಗೆ ಮೂರು ವರ್ಷಕ್ಕೇ ಸಾಲಿಡ್, ಲಿಕ್ವಿಡ್ ಬಾಯಿಗೆ ಬಂದಿರುತ್ತದೆ. ನನ್ನ ಮಕ್ಕಳ ಮನೆಯವರು ತೋಟದ ಕೂಲಿಗೆ ಹೋಗುವವರು. ಕರಗು, ಬತ್ತು ಎಲ್ಲ ಮನೆಯಲ್ಲೇ ಸಿಗುತ್ತದೆ. ಘನ, ದ್ರವ, ಅನಿಲ ನಾನು ಕೊಡದಿದ್ದರೆ ಇನ್ಯಾರೂ ಕೊಡುವುದಿಲ್ಲ. ಮುಂದಿನ ಪುಸ್ತಕಗಳೆಲ್ಲ ಆ ಪದದಲ್ಲೇ ಇರುತ್ತವೆ.

— ಹೌದು. ನೀನು ಹೇಳುವುದು ಸರಿ. ಕೊನೆಗೆ ಕೊಡು, ಆದರೆ ಮರೆಯದೆ ಕೊಡು.

— ಕೊನೆಗೂ ಅಲ್ಲ, ಜೊತೆಗೇ. ಅದೇ ದಿನ. ತುಪ್ಪ ಕರಗಿತು ಅಂದ ಮಗುವಿಗೆ, ‘ಈಗ ಅದು ದ್ರವ ಸ್ಥಿತಿಗೆ ಬಂತು’ ಅಂತ ಅಲ್ಲೇ ಹೇಳುತ್ತೇನೆ. ‘ಈಗ’ ಎನ್ನುವುದನ್ನು ಬಿಡದೆ ಸೇರಿಸುತ್ತೇನೆ.

— ‘ಈಗ ದ್ರವ.’ ಇದು ನನಗೆ ಹೊಳೆದಿರಲಿಲ್ಲ. ಒಪ್ಪಿದೆ. ದ್ರವ ಅಂದರೆ ಓಡುವುದು, ಹರಿಯುವುದು ಅಂತಲೂ ಹೇಳು. ಅನಿಲ ಅಂದರೆ ಗಾಳಿಯ ಹೆಸರೇ. ಅರ್ಥ ಗೊತ್ತಾದರೆ ಸಂಸ್ಕೃತದ ಪದ ಅಂತ ಮಕ್ಕಳು ಹೆದರುವುದಿಲ್ಲ.

— ಅಣುಗಳ ಚುಕ್ಕೆ ಚಿತ್ರ? ಒತ್ತಾಗಿ ಚುಕ್ಕೆ ಇಟ್ಟರೆ ಘನ, ದೂರ ದೂರ ಇಟ್ಟರೆ ಅನಿಲ...

— ಈ ವಯಸ್ಸಿಗೆ ಬೇಡ. ಕಾಣದ ಗಾಳಿಯನ್ನು ಈಗಷ್ಟೇ ನಂಬಿದ್ದಾರೆ. ಬಾ, ತಟ್ಟೆ ತಗೋ, ಇಡ್ಲಿ ಆರುವ ಮುಂಚೆ ತಿನ್ನು. ಆ ಎಣ್ಣೆ ಏನಾಯಿತು?

— ಅರ್ಧಕ್ಕರ್ಧ ಕರಗಿದೆ. ನಡುವಿನ ಗಡ್ಡೆ ಬಿಡಿಸಿಕೊಂಡು... ಟೀಚರ್, ಗಡ್ಡೆ ತಳದಲ್ಲಿ ಕೂತಿದೆ.

— ಹೂಂ.

— ಮಂಜುಗಡ್ಡೆ ನೀರಿನ ಮೇಲೆ ತೇಲುತ್ತದೆ. ಇದು ಮುಳುಗಿದೆ.

— ಬಿಸಿನೀರಿಗೆ ಇಳಿಸುವಾಗ ಎಣ್ಣೆಯ ಮೇಲ್ಭಾಗ ಹೇಗಿತ್ತು, ನೋಡಿದ್ದೆಯಾ?

— ನಡುವೆ ಗುಳಿ ಬಿದ್ದಿತ್ತು. ಕುಗ್ಗಿದ ಹಾಗೆ. ಫ್ರಿಜ್ಜಿನ ಮಂಜುಗಡ್ಡೆ ಮಾತ್ರ ಬಟ್ಟಲಿನ ಅಂಚು ದಾಟಿ ಉಬ್ಬಿರುತ್ತದೆ... ಸೋಮವಾರ ಎರಡು ಗಾಜಿನ ಲೋಟ ಪಕ್ಕಪಕ್ಕ ಇಡುತ್ತೇನೆ. ಒಂದರಲ್ಲಿ ಎಣ್ಣೆ, ಅದರ ಗಡ್ಡೆ. ಇನ್ನೊಂದರಲ್ಲಿ ನೀರು, ಅದರ ಗಡ್ಡೆ. ಈ ಬಾಟಲಿಯಲ್ಲಿ ಸ್ವಲ್ಪ ಎಣ್ಣೆ ಕೊಡಿ, ತಗೊಂಡು ಹೋಗುತ್ತೇನೆ.

— ಪೂರ್ತಿ ತಗೊಂಡು ಹೋಗು. ಲೋಟವನ್ನು ಆ ತುಪ್ಪದ ಹುಡುಗಿಯ ಹತ್ತಿರ ಇಡು.